ಒಂದೇ ಮೂಲದ ಎರಡು ದೂರು: ಹಳೆಯ ಡೀಸೆಲ್ ಪಿಕಪ್‌ನ ಆಯಿಲ್ ಸೋರಿಕೆ ಮತ್ತು ಸ್ಟಾರ್ಟ್ ಆಗದ ತೊಂದರೆ

ತುಮಕೂರು ಜಿಲ್ಲೆಯ ತಿಪಟೂರಿನ ಸುತ್ತಮುತ್ತಲ ತೋಟಗಳಿಂದ ಕೊಬ್ಬರಿಯನ್ನೂ ಹಸಿ ಕಾಯಿಯನ್ನೂ ಮಾರುಕಟ್ಟೆಗೆ ಸಾಗಿಸುವ ಒಂದು ಪಿಕಪ್‌ನ ಪ್ರಕರಣವಿದು. ವಾಹನ 2008ರ ಮಾದರಿಯದು. ಎರಡೂವರೆ ಲೀಟರಿನ ನಾಲ್ಕು ಸಿಲಿಂಡರ್ ಟರ್ಬೊ ಡೀಸೆಲ್ ಇಂಜಿನ್, ಡೀಸೆಲ್ ಒದಗಿಸಲು ಯಾಂತ್ರಿಕ ರೋಟರಿ ಪಂಪ್. ಇಂಜಿನ್ನಿಗೆ ಕಂಪ್ಯೂಟರ್ ನಿಯಂತ್ರಣ ಇಲ್ಲದ್ದರಿಂದ ಸ್ಕ್ಯಾನರ್ ಜೋಡಿಸಿ ಕೋಡ್ ಓದುವ ಪ್ರಶ್ನೆಯೇ ಬರುವುದಿಲ್ಲ. ಮಲ್ಟಿಮೀಟರ್, ಟೆಸ್ಟ್ ಲ್ಯಾಂಪ್ ಮತ್ತು ಕಣ್ಣು ಇಷ್ಟರಲ್ಲೇ ಕೆಲಸ ಮುಗಿಯಬೇಕು. ಸ್ಪೀಡೋಮೀಟರ್ ಕೇಬಲ್ ತುಂಡಾಗಿ ವರ್ಷಗಳೇ ಆಗಿದ್ದ ಕಾರಣ ಗಾಡಿ ಒಟ್ಟು ಎಷ್ಟು ಓಡಿದೆ ಎಂಬುದಕ್ಕೆ ಮಾಲೀಕರ ಅಂದಾಜೇ ಆಧಾರ, ಆ ಅಂದಾಜು ಮೂರು ಲಕ್ಷ ಕಿಲೋಮೀಟರಿಗೂ ಮೇಲೆ.

ಮಾಲೀಕರು ಹೇಳಿದ್ದು ಎರಡು ದೂರು. ಮೊದಲನೆಯದು, ಬೆಳಿಗ್ಗೆ ಕೀ ತಿರುಗಿಸಿದರೆ ಇಂಜಿನ್ನನ್ನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರಿನ ಕಡೆಯಿಂದ ಟಕಟಕ ಸದ್ದು ಮಾತ್ರ ಬರುತ್ತದೆ, ಇಂಜಿನ್ ತಿರುಗುವುದಿಲ್ಲ. ನಾಲ್ಕು ಜನ ಸೇರಿ ತಳ್ಳಿದರೆ ಒಂದೇ ಹಿಡಿತಕ್ಕೆ ಸ್ಟಾರ್ಟ್ ಆಗುತ್ತದೆ, ಮಧ್ಯಾಹ್ನ ಒಮ್ಮೊಮ್ಮೆ ತಳ್ಳದೆಯೂ ಆಗುತ್ತದೆ. ಎರಡನೆಯದು, ಗಾಡಿ ನಿಂತಲ್ಲೆಲ್ಲ ನೆಲಕ್ಕೆ ಆಯಿಲ್ ಬೀಳುತ್ತದೆ, ಸಾವಿರ ಕಿಲೋಮೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್ ಟಾಪ್‌ಅಪ್ ಮಾಡಬೇಕಾಗುತ್ತದೆ. ಈ ಎರಡೂ ದೂರುಗಳಿಗೆ ಬೇರೆ ಬೇರೆ ಕಡೆ ಬೇರೆ ಬೇರೆ ಚಿಕಿತ್ಸೆ ನಡೆದಿತ್ತು. ಎಲೆಕ್ಟ್ರಿಷಿಯನ್ ಒಬ್ಬರು ಸೆಲ್ಫ್ ಬಿಚ್ಚಿ ಬುಷ್ ಮತ್ತು ಕಾರ್ಬನ್ ಬದಲಿಸಿದ್ದರು; ಅದರಿಂದ ಪ್ರಯೋಜನ ಕಾಣದೆ ಹೊಸ ಬ್ಯಾಟರಿ ಹಾಕಿಸಿದ್ದರು; ಅದೂ ಕೆಲವೇ ದಿನಗಳಲ್ಲಿ ಡೌನ್ ಆಗಿತ್ತು. ಆಯಿಲ್ ವಿಷಯಕ್ಕೆ ಇನ್ನೊಂದು ಗ್ಯಾರೇಜಿನಲ್ಲಿ ಸಿಕ್ಕ ಅಭಿಪ್ರಾಯವೆಂದರೆ, ತೊಟ್ಟಿಕ್ಕುತ್ತಿರುವುದು ಇಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ, ಆದ್ದರಿಂದ ಇಂಜಿನ್ನಿನ ಮುಖ್ಯ ಶಾಫ್ಟ್ ಆದ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಿಸಿಬಿಡುವುದು ಒಳ್ಳೆಯದು. ಈ ಖರ್ಚಿಗೆ ಹೆದರಿದ ಮಾಲೀಕರು ಆಯಿಲ್ ಕ್ಯಾನನ್ನು ಸೀಟಿನ ಹಿಂದೆ ಇಟ್ಟುಕೊಂಡು ಓಡಿಸುತ್ತಿದ್ದರು.

ಸ್ಟಾರ್ಟ್ ಆಗುವುದಿಲ್ಲ ಎಂಬ ಮಾತು ಎರಡು ಬೇರೆ ಬೇರೆ ಸ್ಥಿತಿಗಳನ್ನು ಸೂಚಿಸಬಹುದು. ಇಂಜಿನ್ ಚೆನ್ನಾಗಿ ತಿರುಗಿಯೂ ಹಿಡಿಯದಿದ್ದರೆ ಹುಡುಕಬೇಕಾದದ್ದು ಡೀಸೆಲ್ ಲೈನಿನಲ್ಲಿ ಗಾಳಿ, ಫಿಲ್ಟರ್, ಪಂಪಿನ ಸ್ಟಾಪ್ ಸಾಲಿನಾಯ್ಡ್ (ಡೀಸೆಲ್ ದಾರಿಯನ್ನು ತೆರೆದು ಮುಚ್ಚುವ ವಿದ್ಯುತ್ ಕವಾಟ) ಅಥವಾ ಕಂಪ್ರೆಷನ್ ಕಡೆ. ಇಂಜಿನ್ ತಿರುಗುವುದೇ ಇಲ್ಲವಾದರೆ ಬ್ಯಾಟರಿ, ಕೇಬಲ್, ಅರ್ತ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ಮರಳುವ ದಾರಿ) ಮತ್ತು ಸೆಲ್ಫ್ ಕಡೆ. ಈ ಗಾಡಿ ಎರಡನೆಯ ಗುಂಪಿಗೆ ಸೇರಿದ್ದು ಎಂಬುದನ್ನು ಆ ಟಕಟಕ ಸದ್ದೇ ಹೇಳುತ್ತಿತ್ತು. ಸೆಲ್ಫ್‌ನ ಸಾಲಿನಾಯ್ಡ್, ಎಂದರೆ ಮೋಟಾರಿಗೆ ಕರೆಂಟು ಕೊಡುವ ಕಾಂತದ ಸ್ವಿಚ್, ಎಳೆದುಕೊಳ್ಳುತ್ತದೆ, ಮೋಟಾರಿಗೆ ನೂರಾರು ಆಂಪಿಯರ್ ಹರಿಯಲು ಶುರುವಾದೊಡನೆ ವೋಲ್ಟೇಜ್ ಕುಸಿಯುತ್ತದೆ, ಕುಸಿದ ವೋಲ್ಟೇಜಿನಲ್ಲಿ ಸಾಲಿನಾಯ್ಡ್ ಹಿಡಿದಿಟ್ಟುಕೊಳ್ಳಲಾರದೆ ಬಿಡುತ್ತದೆ, ಬಿಟ್ಟೊಡನೆ ವೋಲ್ಟೇಜ್ ಮತ್ತೆ ಏರಿ ಪುನಃ ಎಳೆದುಕೊಳ್ಳುತ್ತದೆ. ಒಂದೇ ಒಂದು ಗಟ್ಟಿ ‘ಟಕ್’ ಬಂದು ಸುಮ್ಮನಾಗಿದ್ದರೆ ಸೆಲ್ಫ್‌ನ ಒಳಗಿನ ಕಾಂಟ್ಯಾಕ್ಟ್ ಅಥವಾ ಕಾರ್ಬನ್ ಮೇಲೆ ಮೊದಲ ಅನುಮಾನ ಹೋಗುತ್ತಿತ್ತು. ಬಿಡದೆ ಬರುವ ಟಕಟಕ ಸದ್ದು ವಿದ್ಯುತ್ತಿನ ಬಡತನದ್ದು. ತಳ್ಳಿದರೆ ಸ್ಟಾರ್ಟ್ ಆಗುತ್ತಿದ್ದುದೂ ಇದಕ್ಕೆ ಹೊಂದುತ್ತಿತ್ತು. ಯಾಂತ್ರಿಕ ಪಂಪಿನ ಡೀಸೆಲ್ ಇಂಜಿನ್ನಿಗೆ ಹಿಡಿಯಲು ಬೇಕಾದ ವಿದ್ಯುತ್ತೆಂದರೆ ಸ್ಟಾಪ್ ಸಾಲಿನಾಯ್ಡನ್ನು ತೆರೆದಿಡುವಷ್ಟು ಮಾತ್ರ, ಆ ಒಂದೆರಡು ಆಂಪಿಯರನ್ನು ಸುಸ್ತಾದ ಬ್ಯಾಟರಿಯೂ ಕೊಡಬಲ್ಲದು.

ರಾತ್ರಿಯಿಡೀ ನಿಂತಿದ್ದ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಅಳೆದಾಗ 11.7 ವೋಲ್ಟ್ ಇತ್ತು. ಪೂರ್ತಿ ಚಾರ್ಜ್ ಆದ ಲೆಡ್ ಆಸಿಡ್ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ತೋರಿಸಬೇಕು; 12ಕ್ಕೆ ಇಳಿದರೆ ಕಾಲುಭಾಗದಷ್ಟು ಮಾತ್ರ ಉಳಿದಿದೆ ಎಂದರ್ಥ; 11.7 ಎಂದರೆ ಬರಿದಾದಂತೆಯೇ. ಕೀ ತಿರುಗಿಸಿದಾಗ ಅದು ಏಳು ವೋಲ್ಟಿನ ಆಸುಪಾಸಿಗೆ ಬಿತ್ತು. ಇಷ್ಟರಿಂದ ಬ್ಯಾಟರಿಯೇ ಕೆಟ್ಟಿದೆ ಎಂದು ತೀರ್ಮಾನಿಸಲಾಗುವುದಿಲ್ಲ, ಖಾಲಿಯಾದ ಬ್ಯಾಟರಿಯೂ ಕೆಟ್ಟ ಬ್ಯಾಟರಿಯೂ ಮೀಟರಿನಲ್ಲಿ ಒಂದೇ ರೀತಿ ಕಾಣುತ್ತವೆ. ಆದ್ದರಿಂದ ಅದನ್ನು ಚಾರ್ಜರಿಗೆ ಹಾಕಿ, ಪೂರ್ತಿ ಚಾರ್ಜ್ ಮಾಡಿ, ಕೆಲವು ಗಂಟೆ ಬಿಟ್ಟು ಮತ್ತೆ ಜೋಡಿಸಲಾಯಿತು. ಈ ಬಾರಿ ಸೆಲ್ಫ್ ಇಂಜಿನ್ನನ್ನು ಸರಾಗವಾಗಿ ತಿರುಗಿಸಿತು, ತಿರುಗಿಸುವಾಗ ಬ್ಯಾಟರಿ 10.2 ವೋಲ್ಟ್ ಉಳಿಸಿಕೊಂಡಿತ್ತು, ಇಂಜಿನ್ ಎರಡನೆಯ ಸುತ್ತಿಗೇ ಹಿಡಿಯಿತು. ಈ ಒಂದೇ ಪರೀಕ್ಷೆಯಿಂದ ಸೆಲ್ಫ್, ಡೀಸೆಲ್ ಲೈನ್, ಪಂಪ್ ಮತ್ತು ಕಂಪ್ರೆಷನ್ ನಾಲ್ಕೂ ಆರೋಪಮುಕ್ತವಾದವು. ಹಿಂದೆ ಸೆಲ್ಫ್‌ಗೆ ಮಾಡಿದ ಖರ್ಚು ಬೇಕಿರಲಿಲ್ಲ ಎಂಬುದನ್ನು ಮಾಲೀಕರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಸೆಲ್ಫ್ ಇಂಜಿನ್ನನ್ನು ತಿರುಗಿಸುವಾಗಲೇ ವೋಲ್ಟೇಜ್ ಡ್ರಾಪ್ ಪರೀಕ್ಷೆಯನ್ನೂ, ಎಂದರೆ ದಾರಿಯಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತದೆ ಎಂಬ ಅಳತೆಯನ್ನೂ, ಮುಗಿಸಲಾಯಿತು. ಬ್ಯಾಟರಿಯ ಪ್ಲಸ್ ಕಂಬದಿಂದ ಸೆಲ್ಫ್‌ನ ಬೋಲ್ಟಿನವರೆಗೆ ಅರ್ಧ ವೋಲ್ಟಿನೊಳಗೇ ನಷ್ಟವಿತ್ತು, ಅದು ಒಪ್ಪತಕ್ಕದ್ದು. ಆದರೆ ಮೈನಸ್ ಕಂಬದಿಂದ ಇಂಜಿನ್ ಬ್ಲಾಕಿಗೆ 0.7 ವೋಲ್ಟ್ ನಷ್ಟವಿತ್ತು, 0.2ರ ಒಳಗೆ ಇರಬೇಕಾದ ಜಾಗದಲ್ಲಿ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಕೂತಿರುವುದರಿಂದ ಚಾಸಿಸ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿಯೇ ಅದರ ಅರ್ತ್. ಆ ಪಟ್ಟಿ ಆಯಿಲಿನಲ್ಲಿ ನೆನೆದು, ಧೂಳು ಮೆತ್ತಿಕೊಂಡು, ಬೋಲ್ಟಿನ ಕೆಳಗೆ ತುಕ್ಕು ಹಿಡಿದು ಕೂತಿತ್ತು. ಬಿಚ್ಚಿ, ಎಮರಿ ಪೇಪರಿನಿಂದ ಉಜ್ಜಿ, ಹೊಸ ವಾಷರ್ ಹಾಕಿ ಬಿಗಿದ ಮೇಲೆ ನಷ್ಟ 0.15ಕ್ಕೆ ಇಳಿಯಿತು. ಇದು ಪಕ್ಕದ ದೋಷ, ಮೂಲ ದೋಷವಲ್ಲ. ಸರಿಪಡಿಸದೆ ಬಿಟ್ಟಿದ್ದರೆ ಮಾತ್ರ ಮುಂದೆ ಇನ್ನೊಬ್ಬ ಮೆಕ್ಯಾನಿಕ್‌ನನ್ನು ದಾರಿ ತಪ್ಪಿಸುತ್ತಿತ್ತು.

ಉಳಿದ ಪ್ರಶ್ನೆ, ಹೊಸ ಬ್ಯಾಟರಿ ಬರಿದಾಗುತ್ತಿರುವುದೇಕೆ ಎಂಬುದು. ನಿಂತಾಗ ವಿದ್ಯುತ್ ಎಲ್ಲಾದರೂ ಸೋರುತ್ತಿರಬಹುದು, ಇಲ್ಲವೇ ಓಡುವಾಗ ತುಂಬದೇ ಇರಬಹುದು. ಕೀ ತೆಗೆದು, ಮೈನಸ್ ಕೇಬಲಿನ ಸಾಲಿನಲ್ಲಿ ಮೀಟರ್ ಇಟ್ಟು ನೋಡಿದಾಗ ಹರಿವು 30 ಮಿಲಿಆಂಪಿಯರಿಗಿಂತ ಕಡಿಮೆ. ಅಷ್ಟಕ್ಕೆ ಒಂದು ರಾತ್ರಿಯಲ್ಲಿ ಬ್ಯಾಟರಿ ಖಾಲಿಯಾಗುವುದು ಸಾಧ್ಯವೇ ಇಲ್ಲ. ಇಂಜಿನ್ ಓಡುವಾಗ ಸುಮಾರು 1500 ಆರ್‌ಪಿಎಂನಲ್ಲಿ ಬ್ಯಾಟರಿಯ ಮೇಲೆ 13.8ರಿಂದ 14.4ರವರೆಗೆ ಸಿಗಬೇಕಿತ್ತು. ಸಿಕ್ಕಿದ್ದು 12.3, ಹೆಡ್‌ಲೈಟ್ ಹಾಕಿದೊಡನೆ ಅದೂ ಇಳಿಯತೊಡಗಿತು. ಓಡುವಾಗ ಬ್ಯಾಟರಿ ತುಂಬುವ ಆಲ್ಟರ್ನೇಟರಿನ (ಆಡುಮಾತಿನಲ್ಲಿ ಡೈನಮೋ) ದಪ್ಪ ಬೋಲ್ಟಿನ ಮೇಲೆಯೇ ಮೀಟರಿನ ಮೊನೆ ಇಟ್ಟರೂ ಅದೇ ಅಂಕಿ ಬಂದಿತು, ಎಂದರೆ ನಡುವಿನ ವೈರ್ ಸರಿಯಿದೆ, ಆಲ್ಟರ್ನೇಟರ್ ಏನನ್ನೂ ಉತ್ಪಾದಿಸುತ್ತಿಲ್ಲ.

ಇಲ್ಲಿ ಡ್ರೈವರ್ ಆಕ್ಷೇಪಿಸಿದರು: “ಡೈನಮೋ ಹೋಗಿದ್ರೆ ಮೀಟರ್ ಬೋರ್ಡಲ್ಲಿ ಬ್ಯಾಟರಿ ಲೈಟ್ ಉರಿಬೇಕಿತ್ತಲ್ವಾ ಸಾರ್? ಒಂದು ದಿನಾನೂ ಉರಿದಿಲ್ಲ.” ಈ ಪ್ರಕರಣದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸಿದ ಸುಳಿವು ಈ ಮಾತಿನಲ್ಲಿತ್ತು. ಆ ದೀಪ ಇಂಜಿನ್ ಓಡುವಾಗ ಆರಿರಬೇಕು ನಿಜ, ಆದರೆ ಇಂಜಿನ್ ಸ್ಟಾರ್ಟ್ ಮಾಡುವ ಮೊದಲು, ಕೀ ಆನ್ ಮಾಡಿದಾಗ, ಅದು ಉರಿಯಲೇಬೇಕು. ಕೀಯಿಂದ ಬರುವ ಸಣ್ಣ ಕರೆಂಟು ಆ ಬಲ್ಬಿನ ಮೂಲಕವೇ ಆಲ್ಟರ್ನೇಟರಿಗೆ ಹೋಗಿ, ಕಾರ್ಬನ್ ಬ್ರಶ್ ಮತ್ತು ಅದು ಉಜ್ಜುವ ಸ್ಲಿಪ್ ರಿಂಗ್ ದಾಟಿ, ತಿರುಗುವ ಭಾಗವಾದ ರೋಟರಿನ ಸುರುಳಿಯಲ್ಲಿ ಹರಿದು ಅರ್ತ್ ಸೇರುತ್ತದೆ. ಆ ಹರಿವಿನಿಂದಲೇ ರೋಟರಿಗೆ ಮೊದಲ ಕಾಂತಶಕ್ತಿ ದೊರಕಿ ಉತ್ಪಾದನೆ ಆರಂಭವಾಗುತ್ತದೆ. ಈ ದಾರಿಯಲ್ಲಿ ಎಲ್ಲಿ ಕಡಿದರೂ ದೀಪವೂ ಉರಿಯುವುದಿಲ್ಲ, ಚಾರ್ಜಿಂಗೂ ಆಗುವುದಿಲ್ಲ. ಕೀ ಆನ್ ಮಾಡಿಸಿ ನೋಡಿದರೆ ಆಯಿಲ್ ದೀಪ ಉರಿಯಿತು, ಬ್ಯಾಟರಿ ದೀಪ ಉರಿಯಲಿಲ್ಲ. ಬಲ್ಬೇ ಸುಟ್ಟಿದೆಯೇ ಎಂದು ತಿಳಿಯಲು ಆಲ್ಟರ್ನೇಟರಿನ ಹಿಂದಿರುವ ಸಣ್ಣ ವೈರನ್ನು ಕಳಚಿ ಇಂಜಿನ್ ಬ್ಲಾಕಿಗೆ ತಾಗಿಸಲಾಯಿತು. ದೀಪ ಥಟ್ಟನೆ ಉರಿಯಿತು. ಹಾಗಾಗಿ ಬಲ್ಬೂ ಸರಿ, ವೈರೂ ಸರಿ, ದಾರಿ ಕಡಿದಿರುವುದು ಆಲ್ಟರ್ನೇಟರಿನ ಒಳಗೆ. ಆ ವೈರ್ ಹಿಡಿದಿದ್ದ ಬೆರಳುಗಳಿಗೆ ಮೆತ್ತಿಕೊಂಡಿದ್ದು ಇಂಜಿನ್ ಆಯಿಲ್.

ಈ ಬಗೆಯ ಡೀಸೆಲ್ ವಾಹನಗಳ ಆಲ್ಟರ್ನೇಟರಿನ ರಚನೆಯನ್ನು ತಿಳಿದವರಿಗೆ ಇಲ್ಲಿಂದ ಮುಂದಿನ ದಾರಿ ಬಹುಮಟ್ಟಿಗೆ ಕಾಣುತ್ತದೆ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿಯ ದಾರಿಯ ಕದವಾದ ಥ್ರಾಟಲ್ ಮುಚ್ಚಿದಾಗ ಗಾಳಿ ಒಳಬರುವ ಕೊಳವೆಯಾದ ಮ್ಯಾನಿಫೋಲ್ಡಿನಲ್ಲಿ ಹುಟ್ಟುವ ನಿರ್ವಾತವೇ, ಬ್ರೇಕ್ ಪೆಡಲನ್ನು ಹಗುರಾಗಿಸುವ ಬ್ರೇಕ್ ಬೂಸ್ಟರಿಗೆ ಸಾಕಾಗುತ್ತದೆ. ಡೀಸೆಲ್ ಇಂಜಿನ್ನಿಗೆ ಅಂಥ ಥ್ರಾಟಲ್ ಇಲ್ಲ, ಹೀಗಾಗಿ ಬೂಸ್ಟರಿಗೆಂದು ಪ್ರತ್ಯೇಕ ವ್ಯಾಕ್ಯೂಮ್ ಪಂಪ್ ಬೇಕು. ಎಷ್ಟೋ ಜೀಪು, ಪಿಕಪ್ಪುಗಳಲ್ಲಿ ಆ ಪಂಪನ್ನು ಆಲ್ಟರ್ನೇಟರಿನ ಬೆನ್ನಿಗೇ ಕೂಡಿಸಿ, ಒಂದೇ ಶಾಫ್ಟಿನಿಂದ ಎರಡನ್ನೂ ತಿರುಗಿಸುತ್ತಾರೆ. ಪಂಪಿನ ಒಳಗಿನ ರೆಕ್ಕೆಗಳಾದ ವೇನ್‌ಗಳು ಜಾರಲೂ ಗಾಳಿ ಸೋರದಂತೆ ಕೂರಲೂ ಆಯಿಲ್ ಬೇಕಾದ್ದರಿಂದ ಇಂಜಿನ್ನಿನ ಗ್ಯಾಲರಿಯಿಂದ, ಎಂದರೆ ಆಯಿಲ್ ಹರಿಯುವ ಒಳದಾರಿಯಿಂದ, ಒತ್ತಡದ ಆಯಿಲ್ ಸಣ್ಣ ಹೋಸಿನಲ್ಲಿ ಬರುತ್ತದೆ, ಕೆಲಸ ಮುಗಿದ ಆಯಿಲ್ ದಪ್ಪ ಹೋಸಿನಲ್ಲಿ ತನ್ನ ಭಾರಕ್ಕೆ ತಾನೇ ಹರಿದು ಇಂಜಿನ್ನಿನ ತಳದ ಆಯಿಲ್ ಚೇಂಬರ್ ಸೇರುತ್ತದೆ. ಆಯಿಲ್ ಇರುವ ಪಂಪಿಗೂ ಆಯಿಲ್ ಸೋಕಲೇಬಾರದ ಬ್ರಶ್, ಸ್ಲಿಪ್ ರಿಂಗುಗಳಿಗೂ ನಡುವೆ ಇರುವ ಗೋಡೆಯೆಂದರೆ ಶಾಫ್ಟಿನ ಮೇಲೆ ಕೂತಿರುವ ಒಂದು ಸಣ್ಣ ರಬ್ಬರ್ ಸೀಲ್ ಅಷ್ಟೇ.

ಆದರೂ ಅನುಮಾನವನ್ನು ಪುರಾವೆಯೆಂದು ಎಣಿಸುವಂತಿರಲಿಲ್ಲ, ಏಕೆಂದರೆ ಕ್ರ್ಯಾಂಕಿನ ಹಿಂದಿನ ಸೀಲ್ ಎಂಬ ಅಭಿಪ್ರಾಯ ಇನ್ನೂ ಎದುರಿಗಿತ್ತು. ಆಯಿಲ್ ಸೋರಿಕೆಯಲ್ಲಿ ತೊಟ್ಟಿಕ್ಕುವ ಜಾಗಕ್ಕೂ ಹೊರಡುವ ಜಾಗಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಫ್ಯಾನಿನ ಗಾಳಿಯೂ ಓಡುವ ಗಾಳಿಯೂ ಅದನ್ನು ಬ್ಲಾಕಿನ ಪಕ್ಕದುದ್ದಕ್ಕೂ ಹಿಂದಕ್ಕೆ ತಳ್ಳಿ, ಕೊನೆಗೆ ಅತ್ಯಂತ ತಗ್ಗಿನ ಮೂಲೆಯಾದ ಬೆಲ್ ಹೌಸಿಂಗ್ (ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿರುವ ಕವಚ) ಬಳಿ ಬೀಳಿಸುತ್ತವೆ. ಬೆಲ್ ಹೌಸಿಂಗ್‌ನ ಕೆಳಗಿನ ಸಣ್ಣ ತಗಡಿನ ಮುಚ್ಚಳ ಬಿಚ್ಚಿ ನೋಡಿದಾಗ ಒಳಗೆ ಕ್ಲಚ್‌ನ ಒಣ ಕಪ್ಪು ಪುಡಿ ಮಾತ್ರ ಇತ್ತು. ಹಿಂದಿನ ಸೀಲ್ ಇಷ್ಟು ಆಯಿಲ್ ಬಿಡುತ್ತಿದ್ದರೆ ಆ ಪುಡಿ ರಾಡಿಯಾಗಿರಬೇಕಿತ್ತು, ಭಾರ ಹೊತ್ತು ಏರು ಹತ್ತುವಾಗ ಕ್ಲಚ್ ಜಾರಬೇಕಿತ್ತು. ಹೊರಗೆ ತೊಟ್ಟಿಕ್ಕುತ್ತಿದ್ದುದರಲ್ಲಿ ಗೇರ್ ಆಯಿಲಿನ ಗಂಧಕದ ಘಾಟೂ ಇರಲಿಲ್ಲ. ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಮುಗಿಯಿತು.

ಇಂಜಿನ್ನಿನ ಹೊರಮೈಯನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು, ಗಾಳಿ ಹೊಡೆದು, ಬಟ್ಟೆಯಿಂದ ಒರೆಸಿ ಒಣಗಿಸಲಾಯಿತು. ಆಲ್ಟರ್ನೇಟರಿಗೆ ಮಾತ್ರ ಡೀಸೆಲ್ ಸೋಕಿಸದೆ ಒಣ ಬಟ್ಟೆಯನ್ನಷ್ಟೇ ಬಳಸಲಾಯಿತು. ಬಳಿಕ ಅನುಮಾನದ ಜಾಗಗಳಿಗೆಲ್ಲ, ಎಂದರೆ ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಅಂಚು, ಆಯಿಲ್ ಪ್ರೆಶರ್ ಸ್ವಿಚ್, ಫಿಲ್ಟರಿನ ಬುಡ, ಪಂಪಿನ ಎರಡೂ ಹೋಸಿನ ಜೋಡಣೆ, ಆಲ್ಟರ್ನೇಟರಿನ ಕೆಳಗಿನ ಬ್ಲಾಕಿನ ಮೈ ಇಷ್ಟಕ್ಕೂ ಸಾಧಾರಣ ಮುಖದ ಪೌಡರ್ ಉದುರಿಸಿ ಇಂಜಿನ್ನನ್ನು ಐಡಲಿನಲ್ಲಿ ಓಡಲು ಬಿಡಲಾಯಿತು. ಅತ್ಯಂತ ಮೇಲಿನ ಒದ್ದೆಯೇ ಮೂಲ ಎಂಬುದು ಇಂಥ ಹುಡುಕಾಟದಲ್ಲಿ ಪಾಲಿಸಬೇಕಾದ ಕ್ರಮ. ಹೋಸಿನ ಜೋಡಣೆಗಳು ಬೆಳ್ಳಗೇ ಉಳಿದವು, ಪ್ರೆಶರ್ ಸ್ವಿಚ್ಚೂ ಉಳಿಯಿತು. ಇಂಜಿನ್ ಕಾದು ಆಯಿಲ್ ತೆಳುವಾದ ಮೇಲೆ ಆಲ್ಟರ್ನೇಟರಿನ ಗಾಳಿಕಿಂಡಿಯೊಂದರ ತುಟಿಯಲ್ಲಿ ಕಪ್ಪು ಹನಿಯೊಂದು ಮೂಡಿ, ಅಲ್ಲಿಂದ ಬ್ಲಾಕಿನ ಬಿಳಿ ಪೌಡರಿನ ಮೇಲೆ ಗೆರೆ ಎಳೆಯುತ್ತ ಹಿಂದಕ್ಕೆ ಇಳಿಯಿತು. ವಿದ್ಯುತ್ ಮಾತ್ರ ಹೊರಬರಬೇಕಾದ ಯಂತ್ರದ ಒಳಗಿನಿಂದ ಆಯಿಲ್ ಹೊರಬರುತ್ತಿತ್ತು. ಸ್ಟಾರ್ಟ್ ಆಗದ ತೊಂದರೆಗೂ ಸೋರಿಕೆಗೂ ಕಾರಣ ಒಂದೇ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿರಲಿಲ್ಲ.

ಮಾಲೀಕರು ದೂರೆಂದು ಹೇಳದೆ ಬಿಟ್ಟಿದ್ದ ಮೂರನೆಯ ಸಂಗತಿಯೊಂದು ವಿಚಾರಿಸಿದಾಗ ಹೊರಬಂತು: ಲೋಡ್ ಇದ್ದಾಗ ಬ್ರೇಕ್ ಪೆಡಲ್ ಗಟ್ಟಿಯಾಗುತ್ತಿತ್ತು. ಭಾರ ಹೆಚ್ಚಿದ್ದರಿಂದ ಹಾಗೆ ಎಂದು ಅವರು ಭಾವಿಸಿದ್ದರು. ವ್ಯಾಕ್ಯೂಮ್ ಪಂಪಿನ ಬಾಯಿಗೆ ಗೇಜ್ ಜೋಡಿಸಿದಾಗ ಮುಳ್ಳು ನಿಧಾನವಾಗಿ ಏರಿ 450 ಮಿಲಿಮೀಟರ್ ಪಾದರಸದ ಹತ್ತಿರ ನಿಂತುಬಿಟ್ಟಿತು. ತಿಪಟೂರು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವುದರಿಂದ ಇಲ್ಲಿ ಯಾವ ಪಂಪೂ ಸಮುದ್ರತೀರದಷ್ಟು ಅಂಕಿ ತೋರಿಸಲಾರದು, ಸುಮಾರು 70 ಮಿಲಿಮೀಟರ್ ಕಡಿಮೆಯೇ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿದರೂ 450 ತೀರಾ ಕಡಿಮೆ. ಆಯಿಲನ್ನು ಹೊರಬಿಡುವ ಸೀಲ್ ಗಾಳಿಯನ್ನು ಒಳಬಿಡುತ್ತಲೂ ಇತ್ತು.

ಆಲ್ಟರ್ನೇಟರನ್ನು ಇಳಿಸಿ ಬಿಚ್ಚಿದಾಗ ಕಂಡದ್ದು ನಿರೀಕ್ಷಿಸಿದ್ದೇ. ಸ್ಲಿಪ್ ರಿಂಗುಗಳ ಮೇಲೆ ಕಾರ್ಬನ್ ಪುಡಿಯೂ ಆಯಿಲೂ ಬೆರೆತು ಕಾಡಿಗೆಯಂತೆ ಮೆತ್ತಿಕೊಂಡಿತ್ತು. ಬ್ರಶ್ಶುಗಳಲ್ಲಿ ಒಂದು ತನ್ನ ಗೂಡಿನಲ್ಲೇ ಸಿಕ್ಕಿಕೊಂಡು, ಸ್ಪ್ರಿಂಗ್ ಒತ್ತಿದರೂ ರಿಂಗನ್ನು ಮುಟ್ಟದೆ ನಿಂತಿತ್ತು. ಓಡುವಾಗಿನ ಅದುರುವಿಕೆಗೆ ಅದು ಆಗೀಗ ತಾಗಿ ಸ್ವಲ್ಪ ಚಾರ್ಜ್ ಮಾಡುತ್ತಿದ್ದಿರಬೇಕು. ಮಧ್ಯಾಹ್ನದ ಹೊತ್ತು ಗಾಡಿ ಕೆಲವೊಮ್ಮೆ ತಾನಾಗಿ ಸ್ಟಾರ್ಟ್ ಆಗುತ್ತಿದ್ದುದಕ್ಕೆ ಇದೂ, ಬಿಸಿ ಇಂಜಿನ್ ಹಗುರಾಗಿ ತಿರುಗುವುದೂ ಸೇರಿ ಕಾರಣ ಎಂಬುದು ನನ್ನ ಊಹೆ. ರಿಂಗ್‌ಗಳ ನಡುವೆ ರೋಟರಿನ ರೋಧ ಮೂರು ಓಮ್‌ನ ಆಸುಪಾಸಿನಲ್ಲಿತ್ತು, ಶಾಫ್ಟಿಗೆ ಶಾರ್ಟ್ ಇರಲಿಲ್ಲ, ಹೀಗಾಗಿ ಸುರುಳಿ ಉಳಿದುಕೊಂಡಿತ್ತು. ಹಿಂದಿನ ಬೇರಿಂಗಿನ ಗ್ರೀಸ್ ಮಾತ್ರ ಆಯಿಲಿಗೆ ತೊಳೆದುಹೋಗಿತ್ತು.

ಸೀಲ್ ಬದಲಿಸಿ, ಬ್ರಶ್ ಹಾಕಿ, ಮುಚ್ಚಿ ಕಳಿಸಿದ್ದರೆ ಗಾಡಿ ಅಂದೇ ಓಡುತ್ತಿತ್ತು. ಆದರೆ ಬಿಚ್ಚಿ ತೆಗೆದ ಸೀಲ್ ಹಳೆಯದಾಗಿರಲಿಲ್ಲ. ರಬ್ಬರ್ ಮೆತ್ತಗಿತ್ತು, ಮೇಲಿನ ಅಚ್ಚು ಅಕ್ಷರ ಇನ್ನೂ ಅಳಿಸಿರಲಿಲ್ಲ, ತುಟಿ ಮಾತ್ರ ಆಲ್ಟರ್ನೇಟರಿನ ಕಡೆಗೆ ಮಗುಚಿಕೊಂಡಿತ್ತು. ವಿಚಾರಿಸಿದಾಗ ಹಿಂದಿನ ವರ್ಷವೂ ಡೈನಮೋ ಸರ್ವಿಸ್ ಆಗಿತ್ತೆಂದು ತಿಳಿಯಿತು. ಸವೆದ ಸೀಲ್ ಬೇರೆ, ಒತ್ತಡಕ್ಕೆ ಮಗುಚಿದ ಸೀಲ್ ಬೇರೆ. ಒತ್ತಡ ಬರಬಾರದ ಜಾಗಕ್ಕೆ ಅದು ಬಂದಿದೆ ಎಂದರೆ ಪಂಪಿನಿಂದ ಆಯಿಲ್ ಹೊರಹೋಗುವ ದಾರಿ ಕಟ್ಟಿರಬೇಕು, ಇಲ್ಲವೇ ಚೇಂಬರಿನ ಒಳಗೇ ಗಾಳಿಯ ಒತ್ತಡ ಏರಿ ವಾಪಸ್ ತಳ್ಳುತ್ತಿರಬೇಕು. ಎರಡನೆಯದನ್ನು ಬಿಚ್ಚುವ ಮುನ್ನವೇ ನೋಡಿಯಾಗಿತ್ತು: ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಹೊಗೆ ಸ್ವಲ್ಪ ಆಡುತ್ತಿತ್ತು, ಈ ವಯಸ್ಸಿನ ಇಂಜಿನ್ನಿಗೆ ಅದು ಸಹಜ, ಆ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪೂ ತೆರೆದಿತ್ತು. ಉಳಿದದ್ದು ವಾಪಸ್ ಹೋಸ್. ಅದನ್ನು ಹಿಂದೆ ಯಾರೋ ಬದಲಿಸಿ, ನೀರಿಗೆ ಬಳಸುವ ಸಾದಾ ರಬ್ಬರ್ ಪೈಪಿನ ತುಂಡೊಂದನ್ನು ಕ್ಲಿಪ್ ಹಾಕಿ ಕೂಡಿಸಿದ್ದರು. ಬಿಸಿ ಆಯಿಲಿಗೆ ಆ ರಬ್ಬರ್ ಉಬ್ಬಿ, ಒಳಪದರ ಬಿಟ್ಟುಕೊಂಡು, ಬಾಗಿದ ಕಡೆ ಮಡಚಿಕೊಂಡಿತ್ತು. ಹೊರಗಿನಿಂದ ನೋಡಿದರೆ ಎಲ್ಲೂ ಸೋರದ ಅಚ್ಚುಕಟ್ಟಾದ ಪೈಪ್. ಉದ್ದಕ್ಕೆ ಕೊಯ್ದು ನೋಡಿದಾಗ ಪೆನ್ಸಿಲ್ ತೂರದಷ್ಟು ಕಿರಿದಾದ ಸಂದು.

ದುರಸ್ತಿ ದೊಡ್ಡದೇನಲ್ಲ. ಸ್ಟೇಟರ್ ಮತ್ತು ರೋಟರನ್ನು ಎಲೆಕ್ಟ್ರಿಕಲ್ ಕ್ಲೀನರಿನಿಂದ ತೊಳೆದು ಒಣಗಿಸಿ, ಹೊಸ ಬ್ರಶ್, ಹೊಸ ಬೇರಿಂಗ್, ಹೊಸ ಸೀಲ್ ಮತ್ತು ಓ-ರಿಂಗ್ ಹಾಕಲಾಯಿತು. ಶಾಫ್ಟಿನ ಮೇಲೆ ಹಳೆಯ ಸೀಲಿನ ತುಟಿ ಉಜ್ಜಿ ಮಾಡಿದ್ದ ಗೆರೆ ಉಗುರಿಗೆ ಸಿಕ್ಕೂ ಸಿಗದಂತಿತ್ತು. ಹೊಸ ಸೀಲನ್ನು ಕೂದಲೆಳೆಯಷ್ಟು ಮುಂದಕ್ಕೆ ಕೂರಿಸಿ, ಅದರ ತುಟಿ ನುಣುಪಾದ ಜಾಗದ ಮೇಲೆ ಬರುವಂತೆ ನೋಡಿಕೊಳ್ಳಲಾಯಿತು. ಪಂಪಿನ ವೇನ್‌ಗಳು ಸವೆದಿರಲಿಲ್ಲ. ವಾಪಸ್ ದಾರಿಗೆ ಆಯಿಲ್ ತಡೆಯುವ ನೈಟ್ರೈಲ್ ಹೋಸನ್ನು, ಒಳವ್ಯಾಸ ಎಲ್ಲೂ ಕುಗ್ಗದಂತೆ, ಇಳಿಜಾರಾಗಿ ಕೂಡಿಸಲಾಯಿತು. ಒತ್ತಡದ ಹೋಸಿನ ಬೋಲ್ಟಿಗೆ ಹೊಸ ತಾಮ್ರದ ವಾಷರ್‌ಗಳು ಬಿದ್ದವು. ಸೋರಿಕೆ ನಿಲ್ಲಿಸಲು ಆ ಸಣ್ಣ ಹೋಸಿನ ಬಾಯಿಯನ್ನೇ ಮುಚ್ಚಿಬಿಡುವ ಉಪಾಯವನ್ನು ಯಾರೋ ಮಾಲೀಕರಿಗೆ ಹೇಳಿದ್ದರಂತೆ. ಹಾಗೆ ಮಾಡಿದ್ದರೆ ಆಯಿಲ್ ಕಾಣದ ಪಂಪ್ ಕಾದು ಹಿಡಿದುಕೊಳ್ಳುತ್ತಿತ್ತು, ಬೆಲ್ಟ್ ಸುಡುತ್ತಿತ್ತು, ಒಂದು ಟನ್ನಿಗೂ ಮೇಲ್ಪಟ್ಟ ಲೋಡ್ ಹೊತ್ತ ಗಾಡಿಯ ಬ್ರೇಕ್ ಬೂಸ್ಟರ್ ಇಳಿಜಾರಿನಲ್ಲಿ ಕೈಕೊಡುತ್ತಿತ್ತು.

ಜೋಡಿಸಿದ ಬಳಿಕ ಕೀ ಆನ್ ಮಾಡಿದಾಗ ಬ್ಯಾಟರಿ ದೀಪ ಉರಿಯಿತು, ಇಂಜಿನ್ ಹಿಡಿದೊಡನೆ ಆರಿತು. 1500 ಆರ್‌ಪಿಎಂನಲ್ಲಿ 14.2 ವೋಲ್ಟ್, ಹೆಡ್‌ಲೈಟ್ ಹಾಕಿದರೂ 13.8. ವ್ಯಾಕ್ಯೂಮ್ ಗೇಜಿನ ಮುಳ್ಳು ತಡವಿಲ್ಲದೆ 590ಕ್ಕೆ ಏರಿತು. ವಾರದ ಓಡಾಟದ ನಂತರ ಗಾಡಿಯನ್ನು ಮತ್ತೆ ತರಿಸಿ ನೋಡಿದಾಗ ಆಲ್ಟರ್ನೇಟರಿನ ಕೆಳಗಿನ ಬ್ಲಾಕ್ ಒಣಗಿಯೇ ಇತ್ತು, ಬೆಳಗಿನ ವೋಲ್ಟೇಜ್ 12.5 ಇತ್ತು.

ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಪೌಡರ್ ಸ್ವಲ್ಪ ಒದ್ದೆಯಾಗಿದ್ದುದು ನಿಜ. ಹನಿಯಾಗಿ ಬೀಳದ ಆ ಜಿನುಗನ್ನು ಮುಂದಿನ ಆಯಿಲ್ ಬದಲಾವಣೆಯವರೆಗೆ ಬಿಡಲಾಗಿದೆ, ಆಗ ಕಾರ್ಕ್ ಗ್ಯಾಸ್ಕೆಟ್ ಹಾಕಿದರೆ ಸಾಕು. ಬ್ಯಾಟರಿಯ ವಿಷಯದಲ್ಲಿ ಮಾತ್ರ ಮಾಲೀಕರಿಗೆ ಪೂರ್ಣ ಭರವಸೆ ಕೊಡಲಾಗಲಿಲ್ಲ. ಸ್ಟಾರ್ಟರ್ ಬ್ಯಾಟರಿಯನ್ನು ಮತ್ತೆ ಮತ್ತೆ ತಳದವರೆಗೆ ಬರಿದು ಮಾಡಿದರೆ ಅದರ ಪ್ಲೇಟುಗಳಿಗೆ ಆಗುವ ಹಾನಿ ಚಾರ್ಜ್ ಮಾಡಿದ ಮಾತ್ರಕ್ಕೆ ತುಂಬಿ ಬರುವುದಿಲ್ಲ, ಲೋಡ್ ಟೆಸ್ಟರಿನಲ್ಲೂ ಇದರ ಶಕ್ತಿ ಹೊಸದಕ್ಕಿಂತ ತಗ್ಗಿರುವುದು ಕಂಡಿತು. ಅವರು ಯೋಚಿಸಿ, ವಾರಂಟಿ ಇರುವವರೆಗೆ ಇದರಲ್ಲೇ ಓಡಿಸುತ್ತೇನೆಂದರು, ಮತ್ತು ಕೇಳದೆಯೇ ಆ ಕೊಯ್ದ ಹೋಸಿನ ತುಂಡನ್ನು ಹಿಂದಿನ ಗ್ಯಾರೇಜಿನವರಿಗೆ ತೋರಿಸಲೆಂದು ಕಾಗದದಲ್ಲಿ ಸುತ್ತಿಕೊಂಡು ಹೋದರು.